ಮಲೆನಾಡಿನ ಮನೆಯಲ್ಲಿ ಒಂದು ವರುಷ

ಋತುಗಳು ಆರೆಂದು ನಾವು ಮೂವತ್ತಮೂರು ವರುಷಗಳ ಕಾಲ ಹುಡುಗರಿಗೆ ಪಾಠ ಹೇಳಿದೆವು. ವಸಂತ, ಗ್ರೀಷ್ಮ, ವರ್ಷಾ, ಶರತ್, ಹೇಮಂತ, ಶಿಶಿರ ಎಂದು ಅವರು ಒಕ್ಕೊರಲಿನಿಂದ ಒಪ್ಪಿಸುತ್ತಿದ್ದರು. ಒಂದೊಂದು ಋತುವಿಗೆ ಎರಡೆರಡು ಮಾಸಗಳನ್ನು ಹಂಚಿ ನಾವು ಕರಿಹಲಗೆಯ ಮೇಲೆ ಬರೆಯುತ್ತಿದ್ದೆವು. ಸಂಸ್ಕೃತದ ತರಗತಿಯಲ್ಲಿ, ಕಾಳಿದಾಸನ ಋತುಸಂಹಾರಕ್ಕೆ ಆರು ಸರ್ಗಗಳೆಂದೂ, ಅದು ಗ್ರೀಷ್ಮದಲ್ಲಿ ತೊಡಗಿ ವಸಂತದಲ್ಲಿ ಮುಗಿಯುವುದೆಂದೂ ವಿವರಿಸುತ್ತಿದ್ದುದುಂಟು. ಹೀಗೆ ಪರರ ಮಕ್ಕಳಿಗೆ ಆರು ಋತುಗಳನ್ನು ಬೋಧಿಸಿದ ನಾವು ನಮ್ಮ ಸ್ವಂತ ಮನೆಯನ್ನು ಒಂದೇ ಋತುವಿನಲ್ಲಿ ಕಂಡು ತೃಪ್ತರಾಗಿದ್ದೆವೆಂಬುದು ಕೆಲಸದಿಂದ ನಿವೃತ್ತರಾದ ಮೇಲಷ್ಟೇ ನಮಗೆ ತಿಳಿದುಬಂದಿತು.

ನಮ್ಮ ಹುಟ್ಟೂರು ತೀರ್ಥಹಳ್ಳಿಯ ಸೀಮೆಯ ಒಂದು ಒಂಟಿಮನೆಯ ಹಳ್ಳಿ. ಹನ್ನೊಂದನೆಯ ವಯಸ್ಸಿನಲ್ಲಿ ಉಪನಯನವಾದೊಡನೆ ಸಂಸ್ಕೃತ ಪಾಠಶಾಲೆಗೆಂದು ಮನೆ ಬಿಟ್ಟೆವು. ತರುವಾಯ ಬಯಲುಸೀಮೆಯಲ್ಲಿ ಉಪಾಧ್ಯಾಯ ವೃತ್ತಿ. ಅಂದಿನಿಂದ ಊರಿಗೆ ಹೋಗುತ್ತಿದ್ದುದು ಬೇಸಿಗೆಯ ರಜೆಯಲ್ಲಿ ಮಾತ್ರ. ಆಗ ಮನೆಯೆಂದರೆ ಹಲಸು, ಮಾವು, ಅಂಗಳದ ತುಂಬ ಮಕ್ಕಳು, ಅಡಕೆ ಮಾರಿ ಕೈಯಲ್ಲಿ ನಾಲ್ಕು ಕಾಸು ಇರುವ ನಗುಮುಖದ ಅಣ್ಣಯ್ಯ, ದಿನಕ್ಕೊಂದು ಬಗೆ ಮಾಡಿ ಬಡಿಸುವ ಅತ್ತಿಗೆ. ತೋಟವೆಂದರೆ ಬಿಸಿಲಿಗೆ ತಂಪಾದ ನೆರಳು. ಮಾಘ ಮಾಸದಲ್ಲಿ ನಮ್ಮ ಪಾಲಿನ ಹಣ ತಪ್ಪದೆ ಬರುತ್ತಿದ್ದಿತು. ಪತ್ರಿಕೆಯಲ್ಲಿ ಶಿವಮೊಗ್ಗೆಯ ಪೇಟೆಯ ಧಾರಣೆಯನ್ನು ನೋಡಿ, ಪಾಲು ಸ್ವಲ್ಪ ಕಡಮೆಯಾಯಿತಲ್ಲವೆ ಎಂದು ಮನಸ್ಸಿನಲ್ಲಿಯೇ ಗುಣಿಸಿ ಭಾಗಿಸಿದ್ದೂ ಉಂಟು. ಈಗ ಅದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುವುದೇ ಸರಿ.

ನಾವು ನಿವೃತ್ತರಾದ ವರುಷವೇ ಅಣ್ಣಯ್ಯ ದೂರವಾಣಿಯಲ್ಲಿ ಹೇಳಿದರು: "ತಮ್ಮಾ, ನನಗೆ ಎಪ್ಪತ್ತೆರಡಾಯಿತು. ಮಗ ಬೆಂಗಳೂರು ಬಿಟ್ಟು ಬರುವಂತಿಲ್ಲ. ತೋಟಕ್ಕೆ ಎಲೆಚುಕ್ಕೆ ರೋಗ ಬಿದ್ದಿದೆ. ಕೊಳ್ಳುವವರೊಬ್ಬರು ಕೇಳುತ್ತಿದ್ದಾರೆ. ಬಂದು ಸಹಿ ಹಾಕಿದರೆ ಇಬ್ಬರ ಭಾರವೂ ಇಳಿಯುತ್ತದೆ." ಆ ಮಾತಿನಲ್ಲಿ ದುಃಖವಿತ್ತೋ ಆಯಾಸವಿತ್ತೋ ನಮಗೆ ತಿಳಿಯಲಿಲ್ಲ. ಒಂದು ವರುಷ ಜೊತೆಯಲ್ಲಿದ್ದು ಆಮೇಲೆ ತೀರ್ಮಾನ ಮಾಡೋಣವೆಂದು ಹೇಳಿ, ನಮ್ಮ ಮನೆಯವರೊಡನೆ ಜೂನ್ ತಿಂಗಳ ಕಡೆಯ ವಾರದಲ್ಲಿ ಹೊರಟೆವು.

ಶಿವಮೊಗ್ಗೆಯಿಂದ ತೀರ್ಥಹಳ್ಳಿಗೆ ಸುಮಾರು 60 ಕಿಲೋಮೀಟರಿನ ದಾರಿ. ಗಾಜನೂರಿನ ಅಣೆಕಟ್ಟು, ಸಕ್ರೆಬೈಲಿನ ಆನೆಯ ಬಿಡಾರಗಳನ್ನು ದಾಟಿ, ತುಂಗೆಯನ್ನು ಬಿಟ್ಟೂ ಬಿಡದಂತೆ ರಸ್ತೆ ಕಾಡಿನೊಳಗೆ ಸಾಗುತ್ತದೆ. ಬೇಸಿಗೆಯಲ್ಲಿ ಬಂಡೆಗಳ ನಡುವೆ ಹುಡುಕಿ ನೋಡಬೇಕಾಗಿದ್ದ ಹೊಳೆ ಈಗ ಕೆಂಪಗೆ ತುಂಬಿ ಹರಿಯುತ್ತಿದ್ದಿತು. ಮಂಡಗದ್ದೆಯಲ್ಲಿ ಬಸ್ಸು ಸ್ವಲ್ಪ ಹೊತ್ತು ನಿಂತಿತು. ಅಲ್ಲಿ ನದಿಯ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ ಮುಂತಾದ ಹಕ್ಕಿಗಳು ಮಳೆಗಾಲದಲ್ಲಿಯೇ ಬಂದು ಗೂಡು ಕಟ್ಟಿ ಸಂಸಾರ ನಡೆಸುತ್ತವೆ. ಸುತ್ತಲೂ ಪ್ರವಾಹ, ಮೇಲೆ ಮಳೆ, ಗಾಳಿಗೆ ತೂಗುವ ಕೊಂಬೆ. ಅಂಥ ಕಾಲವನ್ನೇ ಆರಿಸಿಕೊಂಡು ಮರಿ ಮಾಡುವ ಈ ಹಕ್ಕಿಗಳಿಗೆ ಹುಚ್ಚೇ ಎಂದು ನಮ್ಮ ಮನೆಯವರು ಕೇಳಿದರು. ನೀರು ಸುತ್ತುವರಿದ ಮರಕ್ಕೆ ಶತ್ರುಗಳು ಬರಲಾರವು, ತುಂಬಿದ ಹೊಳೆಯಲ್ಲಿ ಮರಿಗಳಿಗೆ ಆಹಾರ ಹೇರಳವಾಗಿರುತ್ತದೆ ಎಂದು ನಾವು ಮೇಷ್ಟರ ರೀತಿಯಲ್ಲಿ ಉತ್ತರ ಕೊಟ್ಟೆವು.

ಊರನ್ನು ಸೇರಿದಾಗ ಆರಿದ್ರಾ ಮಳೆ. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುವನಷ್ಟೆ. ಆ ನಕ್ಷತ್ರದ ಹೆಸರನ್ನೇ ಮಳೆಗೆ ಇಟ್ಟು ಕರೆಯುವುದು ನಮ್ಮ ಒಕ್ಕಲುತನದ ಸಂಪ್ರದಾಯ. ಜೂನ್ ಮೊದಲ ಪಕ್ಷದಲ್ಲಿ ಮೃಗಶಿರಾ, 21-22ರ ಸುಮಾರಿಗೆ ಆರಿದ್ರಾ, ಜುಲೈಯಲ್ಲಿ ಪುನರ್ವಸು ಮತ್ತು ಪುಷ್ಯ, ಆಗಸ್ಟ್ ಆದಿಯಲ್ಲಿ ಆಶ್ಲೇಷಾ, ಆಮೇಲೆ ಮಖೆ, ಪುಬ್ಬೆ, ಉತ್ತರೆ, ಹಸ್ತ, ಚಿತ್ತೆ, ಸ್ವಾತಿ. ನಾವು ಪುಸ್ತಕದ ಆರು ಋತುಗಳನ್ನು ಎಣಿಸುತ್ತಿದ್ದರೆ ಅಣ್ಣಯ್ಯ ಈ ನಕ್ಷತ್ರಗಳನ್ನು ಮನೆಯವರ ಹೆಸರಿನಂತೆ ಕರೆಯುತ್ತಿದ್ದರು. "ಪುಷ್ಯ ಈ ಸಲ ಸೌಮ್ಯ, ಆಶ್ಲೇಷಾ ಹೇಗೋ ನೋಡಬೇಕು" ಎನ್ನುವಾಗ ಅವರ ಧ್ವನಿ ಸೊಸೆಯಂದಿರ ಸ್ವಭಾವವನ್ನು ಹೇಳುವ ಮುದುಕರ ಧ್ವನಿಯಂತೆಯೇ ಇರುತ್ತಿದ್ದಿತು.

ಮಲೆನಾಡಿನ ಮಳೆಯೆಂದರೇನೆಂಬುದನ್ನು ಬಯಲುಸೀಮೆಯ ವಾಚಕರಿಗೆ ಅಂಕಿಗಳಿಂದಲೇ ಹೇಳಬೇಕು. ನಮ್ಮ ತಾಲ್ಲೂಕಿಗೇ ಸೇರಿದ ಆಗುಂಬೆಯಲ್ಲಿ ವರುಷಕ್ಕೆ ಸರಾಸರಿ 7,000 ಮಿಲ್ಲಿಮೀಟರಿಗೂ ಮಿಕ್ಕು ಮಳೆ ಬೀಳುತ್ತದೆ. 1946ನೆಯ ಆಗಸ್ಟ್ ತಿಂಗಳೊಂದರಲ್ಲಿಯೇ 4,508 ಮಿಲ್ಲಿಮೀಟರ್ ಬಿದ್ದುದಾಗಿ ದಾಖಲೆಯಿದೆ. ಬೆಂಗಳೂರಿಗೆ ಇಡೀ ವರುಷದಲ್ಲಿ ಬೀಳುವ ಮಳೆ 1,000 ಮಿಲ್ಲಿಮೀಟರಿನ ಆಸುಪಾಸು. ಪಶ್ಚಿಮ ಸಮುದ್ರದಿಂದ ನೀರನ್ನು ಹೊತ್ತು ಬರುವ ಗಾಳಿ ಸಹ್ಯಾದ್ರಿಗೆ ತಡೆದು ಮೇಲಕ್ಕೇರಿ, ಅಲ್ಲಿ ತಣಿದು ತನ್ನ ಹೊರೆಯನ್ನು ಇಳಿಸುವುದರಿಂದ ಘಟ್ಟದ ನೆತ್ತಿಗೆ ಈ ಭಾಗ್ಯ. ಆಗುಂಬೆಯಷ್ಟು ಅಲ್ಲದಿದ್ದರೂ ನಮ್ಮ ಹಳ್ಳಿಯಲ್ಲಿ ಸಹ, ಹತ್ತು ಹನ್ನೆರಡು ದಿನ ಸೂರ್ಯನ ಮುಖ ಕಾಣದಿರುವುದು ವಿಶೇಷವಲ್ಲ.

ಬೇಸಿಗೆಯಲ್ಲಿ ಅಂಗಳವೇ ಮನೆ. ಮಳೆಗಾಲದಲ್ಲಿ ಬಚ್ಚಲೊಲೆಯೇ ಮನೆ. ಅದರ ಬೆಂಕಿ ಹಗಲಿರುಳು ಆರುವುದಿಲ್ಲ. ಒದ್ದೆ ಬಟ್ಟೆ, ಕಂಬಳಿ, ತೊಯ್ದ ಸೌದೆ, ತೊಯ್ದ ಮನುಷ್ಯರು ಎಲ್ಲರೂ ಅದರ ಸುತ್ತಲೇ. ಬೇಸಿಗೆಯಲ್ಲಿ ನಾವು ಇಸ್ಪೀಟು ಆಡುತ್ತ ಕುಳಿತಿದ್ದಾಗ ಅತ್ತಿಗೆ ಬಿಸಿಲಿಗೆ ಹರವುತ್ತಿದ್ದ ಹಲಸಿನ ಹಪ್ಪಳ, ಸಂಡಿಗೆ, ಉಪ್ಪಿಗೆ ಹಾಕುತ್ತಿದ್ದ ಮಾವಿನ ಮಿಡಿ, ಇವು ನಾಲಿಗೆಯ ಚಾಪಲ್ಯಕ್ಕೆಂದು ನಾವು ತಿಳಿದಿದ್ದೆವು. ಹಳ್ಳ ತುಂಬಿ ಪೇಟೆಯ ದಾರಿ ಕಟ್ಟಿಹೋದ ನಾಲ್ಕು ದಿನ ಆ ಹಪ್ಪಳ, ಆ ಮಿಡಿ, ಗೋಡೆಯ ಬದಿಯ ಕೆಸುವಿನ ಎಲೆಯ ಪತ್ರೊಡೆ, ಹಿತ್ತಲ ಬಿದಿರಿನ ಕಳಲೆ ಇವುಗಳಿಂದಲೇ ಊಟ ಸಾಗಿದಾಗ, ಒಂದು ಋತುವಿನ ಕೆಲಸ ಇನ್ನೊಂದು ಋತುವಿನ ಅನ್ನವೆಂಬುದು ಮನದಟ್ಟಾಯಿತು.

ಅಣ್ಣಯ್ಯ ಮಾತ್ರ ಬೇರೆಯೇ ಮನುಷ್ಯರಾಗಿದ್ದರು. ನಗುವಿಲ್ಲ, ಮಾತು ಕಡಮೆ. ಅಡಕೆಗೆ ಮಳೆಗಾಲದ ಶತ್ರುವೆಂದರೆ ಕೊಳೆರೋಗ. ನೀರಿನಲ್ಲಿ ಹರಡುವ ಸೂಕ್ಷ್ಮಜೀವಿಯೊಂದು ಎಳೆಯ ಕಾಯಿಗಳಿಗೆ ಹತ್ತಿತೆಂದರೆ ವರುಷದ ಬೆಳೆಯೆಲ್ಲ ಬುಡದಲ್ಲಿ ಉದುರಿ ಕೊಳೆಯುವುದು. ಹಿಂದೆ ಪ್ರತಿಯೊಂದು ಗೊನೆಗೂ ಹಾಳೆಯ ಕೊಟ್ಟೆ ಕಟ್ಟಿ ಮಳೆಯಿಂದ ಕಾಯುತ್ತಿದ್ದರು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್‌ಮನ್ ಎಂಬ ವಿಜ್ಞಾನಿ 1910ರ ಸುಮಾರಿಗೆ ಈ ರೋಗವನ್ನು ಶೋಧಿಸಿದ ತರುವಾಯ, ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿತೋಟಗಳಲ್ಲಿ ಬಳಕೆಗೆ ಬಂದಿದ್ದ ಔಷಧ ನಮ್ಮ ತೋಟಗಳಿಗೂ ಬಂದಿತು. 100 ಲೀಟರು ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮಳೆ ಹಿಡಿಯುವ ಮುನ್ನ ಒಮ್ಮೆ, ನಲವತ್ತು ನಲವತ್ತೈದು ದಿನಗಳ ಮೇಲೆ ಮತ್ತೊಮ್ಮೆ ಗೊನೆಗಳಿಗೆ ಹೊಡೆಯಬೇಕು. ಈ ಎರಡನೆಯ ಸರದಿಯೇ ಪ್ರಾಣಸಂಕಟ. ಮಳೆ ಬಿಡದೆ ಔಷಧಿ ನಿಲ್ಲದು. ಔಷಧಿ ಬೀಳದೆ ರೋಗ ನಿಲ್ಲದು. ಹೊಳವಾಗುವುದನ್ನು ಕಾಯುತ್ತ, ನೆನೆದ ಮರವನ್ನು ಏರುವ ಆಳನ್ನು ಕಾಯುತ್ತ ಅಣ್ಣಯ್ಯ ಹಗಲು ಕಳೆಯುವರು. ರಾತ್ರಿ ಮಾಡಿನ ಮೇಲಿನ ಮಳೆಯ ಸದ್ದು ಸ್ವಲ್ಪ ಬದಲಾದರೂ ಎದ್ದು ಕೂರುವರು. ಇಂಥ ಎಷ್ಟು ರಾತ್ರಿಗಳು ಸೇರಿ ನಮ್ಮ ಪಾಲಿನ ಹಣವಾಗುತ್ತಿದ್ದವೆಂಬುದನ್ನು ಯಾವ ಪತ್ರಿಕೆಯ ಧಾರಣೆಯ ಪಟ್ಟಿಯೂ ನಮಗೆ ತಿಳಿಸಿರಲಿಲ್ಲ.

ಇನ್ನು ಹೇಳಬೇಕಾದುದು ಆಶ್ಲೇಷಾ ಮಳೆಯ ವಿಷಯ.

ನಮ್ಮ ಮಾತೃಶ್ರೀಯವರು ಸ್ವರ್ಗಸ್ಥರಾದುದು 1996ನೆಯ ಆಗಸ್ಟಿನಲ್ಲಿ, ಇದೇ ಮಳೆಯಲ್ಲಿ. ತಂತಿ ತಲುಪಿದ ಸಂಜೆಯೇ ನಾವು ಹೊರಟೆವು. ಮಾರನೆಯ ದಿನ ಸಾಯಂಕಾಲ ಊರಿನ ಹಳ್ಳದ ಈಚೆಯ ದಡಕ್ಕೆ ಬಂದರೆ ಕಾಲುಸಂಕ ಕೊಚ್ಚಿಹೋಗಿದ್ದಿತು. ಆ ರಾತ್ರಿ ಈಚೆಯವರೊಬ್ಬರ ಮನೆಯಲ್ಲಿ ಕಳೆದು, ಮೂರನೆಯ ದಿನ ದಾಟಿ ಹೋದೆವು. ಆ ವೇಳೆಗೆ ದಹನ ಮುಗಿದು ಬೂದಿಯೂ ಮಳೆಯಲ್ಲಿ ಹರಿದುಹೋಗಿದ್ದಿತು. ಇನ್ನು ಅರ್ಧ ದಿನ ಕಾಯಬಾರದಾಗಿತ್ತೆ ಎಂಬ ಒಂದು ಮಾತು ನಮ್ಮ ಗಂಟಲಲ್ಲಿ ಉಳಿಯಿತು. ಅದನ್ನು ಆಡಲಿಲ್ಲ, ಆದರೆ ಬಿಡಲೂ ಇಲ್ಲ. ಪ್ರತಿ ವರುಷ ಶ್ರಾವಣದಲ್ಲಿ ಶ್ರಾದ್ಧಕ್ಕೆ ಕರೆ ಬಂದಾಗ ಶಾಲೆಗೆ ರಜೆಯಿಲ್ಲವೆಂದು ತಿಳಿಸುತ್ತಿದ್ದೆವು. ರಜೆ ಇರಲಿಲ್ಲವೆಂಬುದು ನಿಜ. ಕೇಳಿದ್ದರೆ ಸಿಕ್ಕುತ್ತಿತ್ತೆಂಬುದೂ ನಿಜ.

ಈ ವರುಷ ಶ್ರಾದ್ಧಕ್ಕೆ ಮೊದಲ ಬಾರಿ ಇದ್ದೆವು. ಅದರ ಮುನ್ನಾದಿನ ಸಂಜೆ ಅತ್ತಿಗೆ ಬಚ್ಚಲೊಲೆಯ ಮುಂದೆ ಹಲಸಿನ ಬೀಜ ಸುಡುತ್ತ ಕುಳಿತಿದ್ದರು. ಹೊರಗೆ ಮಳೆ ಕೊಡದಲ್ಲಿ ಸುರಿದಂತೆ ಸುರಿಯುತ್ತಿದ್ದಿತು. ಏನೋ ಮಾತಿಗೆ ಮಾತು ಬಂದು, ಆ ವರುಷವೂ ಹೀಗೆಯೇ ಇದ್ದಿರಬೇಕೆಂದು ನಾವು ಅಂದೆವು.

"ಇದಕ್ಕಿಂತ ಹೆಚ್ಚು, ಮೇಷ್ಟ್ರೇ" ಎಂದರು ಅತ್ತಿಗೆ. "ಸೌದೆಕೊಟ್ಟಿಗೆಯ ಮಾಡು ಆ ವಾರವೇ ಕುಸಿದಿತ್ತು. ಮನೆಯಲ್ಲಿ ಒಂದು ಒಣಕಟ್ಟಿಗೆ ಇರಲಿಲ್ಲ. ಅತ್ತೆಗಾಗಿ ನಿಮ್ಮ ಅಣ್ಣಯ್ಯ ಅಟ್ಟದ ಹಲಗೆಗಳನ್ನೇ ಕಿತ್ತರು. ರಾತ್ರಿಯೆಲ್ಲ ಲಾಟೀನು ಹಿಡಿದು ಹಳ್ಳದ ದಡದಲ್ಲಿ ನಿಂತಿದ್ದರು, ತಮ್ಮ ಬಂದಾನು ಎಂದು. ಮರುದಿನ ಮಧ್ಯಾಹ್ನ ಒಂದು ಗಳಿಗೆ ಹೊಳವಾಯಿತು. ಇದು ತಪ್ಪಿದರೆ ಇನ್ನು ಬೆಂಕಿ ಹತ್ತಲಾರದೆಂದು ಹಿರಿಯರು ಹೇಳಿದರು. ಆಗಲೂ ಇವರು, ಸ್ವಲ್ಪ ತಾಳಿ, ಸ್ವಲ್ಪ ತಾಳಿ ಎನ್ನುತ್ತಲೇ ಇದ್ದರು."

ನಮಗೆ ಬಹಳ ಹೊತ್ತು ಮಾತು ಹೊರಡಲಿಲ್ಲ. ಇದನ್ನು ಇಷ್ಟು ವರುಷ ಏಕೆ ಹೇಳಲಿಲ್ಲವೆಂದು ಕೇಳಿದೆವು. ಅತ್ತಿಗೆ ಬೀಜವನ್ನು ಕೆಂಡದಿಂದ ಸರಿಸುತ್ತ ಸಹಜವಾಗಿ ಹೇಳಿದರು: "ನೀವು ಬರುತ್ತಿದ್ದುದು ಬೇಸಿಗೆಯಲ್ಲಿ. ಬೇಸಿಗೆಯಲ್ಲಿ ಮಳೆಯ ಮಾತು ಯಾರು ಆಡುತ್ತಾರೆ?"

ಆ ರಾತ್ರಿ ನಾವು ಅಟ್ಟವನ್ನು ಹತ್ತಿ ನೋಡಿದೆವು. ಒಂದು ಮೂಲೆಯಲ್ಲಿ ಹಲಗೆಗಳ ಬಣ್ಣ ಬೇರೆ. ಪ್ರತಿ ಬೇಸಿಗೆಯಲ್ಲಿಯೂ ಅದೇ ಹಲಗೆಗಳ ಮೇಲೆ ಮಾವಿನ ಹಣ್ಣನ್ನು ಹರವಿ ನಮ್ಮ ಮಕ್ಕಳು ಆಡಿದ್ದರು. ಮಾರನೆಯ ದಿನ ಪಿಂಡಪ್ರದಾನದ ಕಾಲದಲ್ಲಿ ಅಣ್ಣಯ್ಯನವರ ಮಗ್ಗುಲಲ್ಲಿ ಕುಳಿತು, ಮೂವತ್ತು ವರುಷದ ಸಾಲವನ್ನು ನೆನೆದು ನೀರು ಬಿಟ್ಟೆವು. ಅವರಿಗೆ ಬಾಯಿಬಿಟ್ಟು ಏನೂ ಹೇಳಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ತೋಟಕ್ಕೆ ಹೊರಟವರ ಹಿಂದೆ ನಾವೂ ಕೊಡೆ ಹಿಡಿದು ಹೊರಟೆವು. "ಜಾರುತ್ತದೆ, ನನ್ನ ಹೆಜ್ಜೆಯ ಮೇಲೆಯೇ ಹೆಜ್ಜೆ ಇಡು" ಎಂದಷ್ಟೇ ಅವರು ಅಂದರು.

ಹಸ್ತ, ಚಿತ್ತೆ ಕಳೆದು ಶರತ್ಕಾಲ ಬಂದಿತು. ಆಶ್ವಯುಜದ ಹುಣ್ಣಿಮೆ ನಮ್ಮಲ್ಲಿ ಭೂಮಿಹುಣ್ಣಿಮೆ. ಹೊಡೆಬಿಚ್ಚುವ ಗದ್ದೆಯನ್ನು ಬಸುರಿ ಹೆಂಗಸೆಂದು ಭಾವಿಸಿ, ನಸುಕಿನಲ್ಲಿ ಅಡುಗೆ ಮಾಡಿ ಒಯ್ದು ಬಡಿಸುವ ಹಬ್ಬವಿದು. ದೀಪಾವಳಿಯ ರಾತ್ರಿಗಳಲ್ಲಿ ದೀಪ ಹೊತ್ತು ಹಾಡುತ್ತ ಮನೆಯಿಂದ ಮನೆಗೆ ಬರುವ ಅಂಟಿಗೆ ಪಂಟಿಗೆಯವರನ್ನು ನಾವು ಬಾಲ್ಯದ ಬಳಿಕ ಈಗಲೇ ಕಂಡದ್ದು. ಅವರು ಹೊಸ್ತಿಲಲ್ಲಿ ಹಚ್ಚಿಕೊಟ್ಟ ದೀಪಕ್ಕೆ ಅತ್ತಿಗೆ ಎಣ್ಣೆ ಎರೆದರು. ಈ ಹಬ್ಬಗಳಿಗೆ ಬೆಂಗಳೂರಿನಿಂದ ಯಾರಿಗೂ ಬರಲಾಗಲಿಲ್ಲ. ದೂರವಾಣಿಯ ಪರದೆಯ ಮೇಲೆ ಮೊಮ್ಮಕ್ಕಳು ದೀಪವನ್ನು ನೋಡಿದರು.

ಆ ತರುವಾಯ ಕೊನೆ ಕೊಯ್ಲು. ಕೊನೆಗಾರನು ಒಂದು ಮರದ ತುದಿಯಿಂದ ಇನ್ನೊಂದಕ್ಕೆ ಬಾಗಿ ಹಿಡಿದು ದಾಟುವನು. ಕೆಳಗಿಳಿದ ಹಸಿ ಅಡಕೆಯನ್ನು ಸುಲಿದು, ಹಂಡೆಯಲ್ಲಿ ಚೊಗರು ಹಾಕಿ ಬೇಯಿಸಿ, ಚಪ್ಪರದ ಮೇಲೆ ಒಣಗಿಸುವರು. ಹಿಂದೆ ರಾತ್ರಿಯೆಲ್ಲ ಮೆಟ್ಟುಗತ್ತಿಯ ಮುಂದೆ ಇಪ್ಪತ್ತು ಮಂದಿ ಕುಳಿತು, ಕಥೆ ಹಾಡು ಜಗಳ ಎಲ್ಲವನ್ನೂ ಸುಲಿಯುತ್ತಿದ್ದರು. ಈಗ ಯಂತ್ರ ಬಂದಿದೆ; ಕೆಲಸ ಬೇಗ ಮುಗಿಯುತ್ತದೆ, ಕೈಗಳ ಗಾಯವೂ ಕಡಮೆ. ಆದುದರಿಂದ ಹಿಂದಿನದೇ ಚೆನ್ನೆಂದು ನಾವು ಹೇಳೆವು. ಕಥೆ ಹೇಳುವ ರಾತ್ರಿಗಳು ಕಡಮೆಯಾದುವೆಂದು ಮಾತ್ರ ಹೇಳುತ್ತೇವೆ. ಎಲೆಚುಕ್ಕೆ ರೋಗದಿಂದ ಮೇಲಿನ ತೋಟದ ಫಸಲು ಅರ್ಧಕ್ಕೆ ಇಳಿದಿದ್ದಿತು. ಕೆಳಗಿನ ತೋಟ ಉಳಿದಿದ್ದಿತು.

ಮಾರ್ಗಶಿರ ಬಹುಳದ ಎಳ್ಳಮಾವಾಸ್ಯೆಗೆ ಅಣ್ಣತಮ್ಮಂದಿರಿಬ್ಬರೂ ತೀರ್ಥಹಳ್ಳಿಗೆ ಹೋದೆವು. ಪರಶುರಾಮನು ತನ್ನ ಕೊಡಲಿಯ ರಕ್ತವನ್ನು ತೊಳೆದನೆಂದು ಐತಿಹ್ಯವುಳ್ಳ ರಾಮತೀರ್ಥದಲ್ಲಿ ಜನಸಂದಣಿ. ಆಷಾಢದಲ್ಲಿ ಮರಗಳನ್ನು ಹೊತ್ತುಕೊಂಡು ಹೋಗುತ್ತಿದ್ದ ತುಂಗೆ ಹೇಮಂತದ ಚಳಿಯಲ್ಲಿ ತಳದ ಕಲ್ಲುಗಳು ಕಾಣುವಷ್ಟು ತಿಳಿಯಾಗಿ, ಮೊಣಕಾಲಿನ ಆಳಕ್ಕೆ ಹರಿಯುತ್ತಿದ್ದಳು. ಸ್ನಾನ ಮಾಡಿ ಬಂಡೆಯ ಮೇಲೆ ಬಿಸಿಲು ಕಾಯಿಸುತ್ತ ಕುಳಿತಿದ್ದಾಗ ಅಣ್ಣಯ್ಯನವರ ಮುಖದಲ್ಲಿ ನಮ್ಮ ಪರಿಚಯದ ಬೇಸಿಗೆಯ ನಗು ಮೂಡತೊಡಗಿದ್ದಿತು. ಅದು ಎಲ್ಲಿಂದ ಬರುತ್ತದೆಂಬುದನ್ನು ನಾವು ಈಗ ಬಲ್ಲೆವು.

ಸಂಸ್ಕೃತದಲ್ಲಿ ವರ್ಷವೆಂದರೆ ಮಳೆಯೂ ಹೌದು, ಸಂವತ್ಸರವೂ ಹೌದು. ಶರತ್ ಎಂಬ ಶಬ್ದಕ್ಕೂ ವರುಷವೆಂಬ ಅರ್ಥವಿದೆ. ಹಿಮವೆಂಬುದನ್ನು ಸಹ ವೈದಿಕರು ಆ ಅರ್ಥದಲ್ಲಿ ಬಳಸಿದ್ದಾರೆ. ಪೂರ್ವಿಕರು ಆಯುಸ್ಸನ್ನು ಎಣಿಸಿದುದು ದಾಟಿಬಂದ ಮಳೆ, ಚಳಿಗಳ ಲೆಕ್ಕದಿಂದ. ಬೇಸಿಗೆಯ ರಜೆಗಳಿಂದ ಯಾರೂ ಎಣಿಸಲಿಲ್ಲ. ಈ ಪದಗಳ ಅರ್ಥವನ್ನು ಎಷ್ಟೋ ಹುಡುಗರಿಗೆ ಬರೆಯಿಸಿದ್ದ ನಮಗೆ ಅದರ ಭಾವ ಅರುವತ್ತನೆಯ ವಯಸ್ಸಿನಲ್ಲಿ, ಒಂದು ಬಂಡೆಯ ಮೇಲೆ ಹೊಳೆದುದು ವಿಧಿವಿನೋದವಲ್ಲದೆ ಮತ್ತೇನು?

ಶಿಶಿರ ಕಳೆಯಿತು, ಯುಗಾದಿಗೆ ಮಾವಿನ ಮಿಡಿ ಉಪ್ಪಿಗೆ ಬಿದ್ದಿತು. ಈ ಸಲ ನಾವು ಇಸ್ಪೀಟಿಗೆ ಕೂರದೆ ಹಪ್ಪಳ ಒಣಹಾಕಿದೆವು. ಅರ್ಧಕ್ಕರ್ಧ ಕಾಗೆಯ ಪಾಲಾಯಿತೆಂದು ಅತ್ತಿಗೆ ನಕ್ಕರು. ಮೇ ತಿಂಗಳಲ್ಲಿ ಅಣ್ಣಯ್ಯನವರ ಮಗನೂ ನಮ್ಮ ಮಗಳೂ ಸಂಸಾರಸಮೇತ ಬಂದರು. ಮನೆ ತುಂಬಿತು. ಒಂದು ರಾತ್ರಿ ಮಕ್ಕಳೆಲ್ಲ ಮಲಗಿದ ಮೇಲೆ, ಕಾಗದಪತ್ರಗಳ ಪೆಟ್ಟಿಗೆಯನ್ನು ಜಗಲಿಯ ಮೇಲೆ ತಂದಿಟ್ಟು ಅಣ್ಣಯ್ಯ ಕೇಳಿದರು: "ವರುಷವಾಯಿತು. ಏನು ಮಾಡೋಣ, ತಮ್ಮಾ?"

ನಾವು ಯೋಚಿಸಿಟ್ಟಿದ್ದುದನ್ನು ಹೇಳಿದೆವು. ರೋಗ ಬಿದ್ದ ಮೇಲಿನ ತೋಟವನ್ನು ನೆರೆಯವರಿಗೆ ಗೇಣಿಗೆ ಕೊಡುವುದು. ಕೆಳಗಿನ ತೋಟವನ್ನೂ ಮನೆಯನ್ನೂ ಇಟ್ಟುಕೊಳ್ಳುವುದು. ನಾವಿಬ್ಬರು ಇನ್ನು ಮೇಲೆ ಮೃಗಶಿರಾದಿಂದ ಕೊಯ್ಲು ಮುಗಿಯುವವರೆಗೆ ಇಲ್ಲಿಯೇ ಇರುವುದು. ಈ ವರುಷದ ನಮ್ಮ ಪಾಲು ಔಷಧಿಗೂ ಆಳುಗಳ ಕೂಲಿಗೂ ಸಲ್ಲುವುದು. ಮಗನು ಬಹಳ ಹೊತ್ತು ಲೆಕ್ಕ ಹಾಕಿದನು. ಮಾರುವುದೇ ಲಾಭವೆಂದು ಅವನು ಹೇಳಿದ್ದು ಲೆಕ್ಕದಲ್ಲಿ ತಪ್ಪಲ್ಲ. ಕಡೆಗೆ, ಮೂರು ಮಳೆಗಾಲ ನೋಡೋಣವೆಂದು ಒಪ್ಪಂದವಾಯಿತು. ಅದರಾಚೆಯ ಮಾತು ನಮ್ಮ ಕೈಯಲ್ಲಿಲ್ಲ. ಅಣ್ಣಯ್ಯ ಏನೂ ಅನ್ನದೆ ಪೆಟ್ಟಿಗೆಯನ್ನು ಮುಚ್ಚಿ ಒಳಗಿಟ್ಟರು.

ಹೊರಡುವ ದಿನ ನಮ್ಮ ಏಳು ವರುಷದ ಮೊಮ್ಮಗಳು, "ಅಜ್ಜ, ಮಳೆ ಬಂದಾಗ ಈ ಮನೆ ಹೇಗಿರುತ್ತದೆ?" ಎಂದು ಕೇಳಿದಳು. ನಾವು ವರ್ಣಿಸಹೊರಟೆವು, ಅವಳ ತಾಯಿ ತಡೆದು, "ಹೇಳುವುದೇಕೆ? ಜುಲೈಯಲ್ಲಿ ನಾಲ್ಕು ದಿನ ರಜೆ ಹಾಕಿ ಕರೆತರುತ್ತೇನೆ" ಎಂದಳು.

ವಾಚಕಮಹಾಶಯರಲ್ಲಿ ನಮ್ಮದೊಂದು ವಿಜ್ಞಾಪನೆ. ನಿಮ್ಮ ಹಿರಿಯರ ಮನೆ ಎಲ್ಲಿಯೇ ಇರಲಿ, ಕರಾವಳಿಯಲ್ಲೋ ಬಯಲಿನಲ್ಲೋ ಪಟ್ಟಣದ ಓಣಿಯಲ್ಲೋ, ರಜೆಯಲ್ಲದ ಕಾಲದಲ್ಲಿ ಒಮ್ಮೆ ಹೋಗಿ ಬನ್ನಿರಿ. ಹಬ್ಬದ ಮುಖವನ್ನೇ ಕಂಡವರಿಗೆ ಮನೆಯವರ ಉಳಿದ ಮುಖಗಳು ಕಾಣದೆ ಹೋಗುತ್ತವೆ. ಕಾಣದುದರಿಂದ ಹುಟ್ಟುವ ತಪ್ಪುಕಲ್ಪನೆಗಳು, ನಮ್ಮ ವಿಷಯದಲ್ಲಾದಂತೆ, ಅರ್ಧ ಆಯುಸ್ಸನ್ನು ನುಂಗುವುದುಂಟು.

ಇದನ್ನು ಬರೆಯುತ್ತಿರುವಾಗ ಮೃಗಶಿರಾ ಕೂಡಿದೆ. ಪಶ್ಚಿಮದಲ್ಲಿ ಮೋಡ ಕಪ್ಪಾಗಿ ನಿಂತಿದೆ. ಸೌದೆಕೊಟ್ಟಿಗೆಯಲ್ಲಿ ಅಣ್ಣಯ್ಯ ಕಟ್ಟಿಗೆ ಜೋಡಿಸುತ್ತಿದ್ದಾರೆ, ನಾವು ಎತ್ತಿಕೊಡುತ್ತಿದ್ದೇವೆ. ರಾಶಿ ಆಗಲೇ ಮಾಡಿನ ತೊಲೆಗೆ ಮುಟ್ಟಿದೆ. ಇಷ್ಟು ಸಾಲದೆ ಎಂದು ಕೇಳಿದೆವು. "ಇನ್ನೊಂದಿಷ್ಟು ಇರಲಿ, ಮಗು ಬರುತ್ತದಲ್ಲ" ಎಂದರು.